ಮುಳುಗುವವರ ವಾಚು

ಲಾಂಚು ಹಿನ್ನೀರಿನ ನಡುವೆ ಮಂಜಿನೊಳಗೆ ತೇಲುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನರಸಿಂಹರಾಜಪುರದ ಬಳೆ ಅಂಗಡಿಯ ಸಾಹೇಬರು ತಮ್ಮ ಹಳೆಯ ಸ್ವಿಸ್ ವಾಚಿನ ಸುತ್ತಲಿದ್ದ ಕರಿಯ ಉಂಗುರವನ್ನು ಕಟಕಟನೆ ತಿರುಗಿಸಿದರು. ಎಪ್ಪತ್ತೊಂಬತ್ತರ ಚಳಿಗಾಲ. ಲಾಂಚು ಹತ್ತಿದ ಕೂಡಲೇ ಈಜು ಬಾರದ್ದು ನೆನಪಾಗುವ ನನಗೆ ಈಗ ಅವರ ವಾಚಿನ ಚಿಂತೆಯೂ ಹತ್ತಿಕೊಂಡಿತು.

“ವಾಚಿನ ಬಳೆ ಸಡಿಲ ಆಗಿದೆ ನೋಡಿ. ನೀರಿಗೆ ಬಿದ್ದೀತು.”

“ಬಳೆ ವಿಷಯ ನನಗೇ ಹೇಳ್ತೀರಲ್ಲ ಮಾರಾಯ್ರೆ!” ಎಂದು ನಕ್ಕರು. “ಇದು ನೀರಲ್ಲಿ ಮುಳುಗುವವರ ವಾಚು. ಮುಳುಗಿ ಎಷ್ಟು ಹೊತ್ತಾಯ್ತು ಅಂತ ತಿಳಿಯೋಕೆ ಇದನ್ನ ತಿರುಗಿಸಿ ಇಡೋದು.”

ಇಂಥ ವಾಚುಗಳನ್ನು ಕೂಡಿಡುವ ಹುಚ್ಚು ನನ್ನ ಭಾವನಿಗಿತ್ತು. ಅವನಿಗೆ ಕೊಡುತ್ತೀರಾ ಎಂದೆ.

“ಇಲ್ಲಪ್ಪ, ದಾಟುವಾಗೆಲ್ಲ ನನಗೇ ಬೇಕು.”

“ನೀವೆಲ್ಲಿ ಮುಳುಗ್ತೀರಿ?”

“ನಾನಲ್ಲ, ನಮ್ಮ ಮನೆ. ಡ್ಯಾಮ್ ಕಟ್ಟಿದಾಗ ಹೋಯ್ತು. ಈಗ ನಮ್ಮೂರಿನ ಮೇಲೇ ಇದ್ದೀವಿ. ಇವತ್ತು ಎಷ್ಟು ಹೊತ್ತು ಮನೇಲಿದ್ದೆ ಅಂತ ನೋಡ್ಕೊಳ್ತೀನಿ, ಅಷ್ಟೇ.”

ಆಮೇಲೆ ಅವರು ಮುಳ್ಳನ್ನೇ ನೋಡುತ್ತ ಕುಳಿತರು. ಇಂಜಿನ್ನಿನ ಸದ್ದೂ ಎಲ್ಲೋ ದೂರ ಹೋದಂತಿತ್ತು.

ಭಾವನಿಗೆ ವಾಚು ಸಿಗಲಿಲ್ಲ. ನನಗೆ ಮಾತ್ರ ಹೊಸದೊಂದು ಪೇಚು ಶುರುವಾಯಿತು. ಲಾಂಚು ನಡುನೀರಿಗೆ ಬಂದೊಡನೆ, ಯಾರದೋ ಮನೆಯೊಳಗೆ ಕಾಲಿಟ್ಟಂತೆ, ಚಪ್ಪಲಿ ಕಳಚಿ ಬದಿಗಿಡುತ್ತೇನೆ.