ದೋಷ ಹೇಳಿ ಮಾರುವವನು

ನಮ್ಮ ಬೀದಿಯ ಕೊನೆಯ ನರ್ಸರಿಯವನು, ಮಗಳನ್ನು ಕೊಡಲು ಮನಸ್ಸಿಲ್ಲದ ಅಪ್ಪನಂತೆ ವ್ಯಾಪಾರ ಮಾಡುತ್ತಾನೆ. ಗುಲಾಬಿ ಕೇಳಿದವರಿಗೆ ತಕರಾರಿಲ್ಲದೆ ಕೊಡುವ ಈ ಮಹಾರಾಯ, ಕಪ್ಪು ಅಂಜೂರ ಕೇಳಿದವರನ್ನು ಮಾತ್ರ ಮೇಲಿಂದ ಕೆಳಗೆ ನೋಡಿ ಅದರ ದೋಷಗಳನ್ನೆಲ್ಲ ಒಪ್ಪಿಸತೊಡಗುತ್ತಾನೆ. "ಎಲೆ ಒರಟು, ತಾಗಿದ್ರೆ ಮೈ ತುರಿಸುತ್ತೆ. ಕಾಯಿ ಕಿತ್ರೆ ಹಾಲು ಸುರಿದು ಕೈಯೆಲ್ಲ ಅಂಟು. ಬೇರು ಗೋಡೆಗೇ ಕೈ ಹಾಕುತ್ತೆ. ಹಣ್ಣು ಕಪ್ಪಾಯ್ತು ಅಂತ ಕೀಳೋ ಹಾಗಿಲ್ಲ, ಕತ್ತು ಬಾಗಿ ಸಿಪ್ಪೆ ಬಿರಿಯೋವರೆಗೂ ಕಾಯ್ಬೇಕು. ಅಷ್ಟರಲ್ಲಿ ಹಕ್ಕಿ ಬಂದಿರುತ್ತೆ. ಕಿತ್ತಿದ್ದನ್ನ ಅವತ್ತೇ ತಿನ್ನಬೇಕು, ನಾಳೆಗೆ ಹುಳಿ. ಆಮೇಲೆ ನನ್ನ ಬೈಬೇಡಿ!" ಒಳಗಿನಿಂದ ಹೆಂಡತಿ, "ರೀ, ಒಳಗೆ ಕೆಂಪಗೆ ಜೇನಿನ ಹಾಗಿರುತ್ತೆ ಅಂತಾನೂ ಹೇಳ್ರೀ" ಎಂದು ಕೂಗುತ್ತಾಳೆ. "ತಿಂದ ಮೇಲೆ ಅವರಿಗೇ ಗೊತ್ತಾಗುತ್ತೆ ಬಿಡೇ" ಎನ್ನುತ್ತಾನೆ. ಇಷ್ಟಾದರೂ ಊರಿನ ಕಾಂಪೌಂಡುಗಳಲ್ಲೆಲ್ಲ ಅವನ ಹಿತ್ತಲ ಮುದಿ ಅಂಜೂರಮರದ ಕಡ್ಡಿಗಳೇ ಮರಗಳಾಗಿ ನಿಂತಿವೆ. ಹೋದ ವರ್ಷ ಆ ಮುದಿಮರ ಬುಡ ಕೊಳೆತು ಬಿದ್ದಾಗ ಅವನು ಎರಡು ದಿನ ಅಂಗಡಿಯ ಬಾಗಿಲೇ ತೆರೆಯಲಿಲ್ಲ. ಆಗ, ಹಿಂದೊಮ್ಮೆ ಇದೇ ದೋಷಗಳನ್ನೆಲ್ಲ ಕೇಳಿಸಿಕೊಂಡೇ ಗಿಡ ಒಯ್ದಿದ್ದ ಟೈಲರಮ್ಮ, ತನ್ನ ಮರದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಳು. ಅದೀಗ ಗಲ್ಲಾದ ಪಕ್ಕದ ಕುಂಡದಲ್ಲಿ ಚಿಗುರಿದೆ, ಮಾರಾಟಕ್ಕಿಲ್ಲ. "ಏನಪ್ಪಾ, ಇದು ಸೊಟ್ಟಗೆ ಬೆಳೀತಿದೆಯಲ್ಲ?" ಎಂದು ಮೊನ್ನೆ ನಾನೇ ಕೆಣಕಿದೆ. "ಸೊಟ್ಟ ಎಲ್ಲಿ ಬಂತು? ಬಾಗಿಲಿಗೆ ಯಾರು ಬಂದ್ರು ಅಂತ ನೋಡ್ತಾ ಇದೆ" ಎಂದವನೇ ಕುಂಡವನ್ನು ನನ್ನಿಂದ ಒಂದಿಷ್ಟು ಆಚೆಗೆ ಸರಿಸಿಕೊಂಡ.