ಬೆರಳಲ್ಲಿ ಕರೆಂಟು ನೋಡುತ್ತಿದ್ದವನು

ಅವನನ್ನು ಬೀದಿಯವರೆಲ್ಲ ಶಾಕಣ್ಣ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ. ಬೈಕ್ ರಿಪೇರಿ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕರೆಂಟು ಬರುತ್ತಿದೆಯೋ ಇಲ್ಲವೋ ಅಂತ ನೋಡಲು ಬೇರೆ ಮೆಕ್ಯಾನಿಕ್‌ಗಳು ಪ್ಲಗ್ ಬಿಚ್ಚಿ ಕಿಡಿ ನೋಡುತ್ತಾರೆ. ಇವನು ಬಲಗೈಯನ್ನು ಇಂಜಿನ್ ಮೇಲೆ ಊರಿ, ಅದೇ ಕೈಯ ಹೆಬ್ಬೆರಳನ್ನು ಪ್ಲಗ್ ವೈರಿನ ತುದಿಗೆ ಹಿಡಿದು, "ಹೊಡಿ ಕಿಕ್ಕು" ಅನ್ನುತ್ತಿದ್ದ. ಶಾಕು ಹೊಡೆದರೆ ಕರೆಂಟಿದೆ. ಎಷ್ಟು ಜೋರಾಗಿ ಹೊಡೆಯಿತು ಅನ್ನುವುದರ ಮೇಲೆ ಕಿಡಿ ಹುಟ್ಟಿಸುವ ಕಾಯಿಲ್ಲಿನ ಆಯಸ್ಸನ್ನೂ ಹೇಳುತ್ತಿದ್ದ.

"ಒಂದಿನ ಎದೆ ನಿಂತುಹೋಗುತ್ತೆ ನೋಡ್ರಿ," ಅಂತ ಹೆಂಡತಿ ಬೈದರೆ, "ಬಿಸಿಲಲ್ಲಿ ಕಣ್ಣು ಮೋಸ ಹೋಗುತ್ತೆ ಕಣೇ. ಬೆರಳು ಸುಳ್ಳು ಹೇಳಲ್ಲ," ಅನ್ನುತ್ತಿದ್ದ.

ಆ ವರ್ಷ ಅವನ ಕೈಯಿಂದ ಸ್ಕ್ರೂಗಳು ಜಾರತೊಡಗಿದವು. ಅಂಗಿಯ ಗುಂಡಿ ಅವಳೇ ಹಾಕಬೇಕಾಯಿತು. "ವಯಸ್ಸಾಯ್ತಲ್ಲ," ಅಂದ. ಅವಳೂ ಹೂಂ ಅಂದಳು.

ಒಂದು ಬೆಳಗ್ಗೆ ಮೂಲೆಮನೆಯ ಟೈಲರ್ ಬೈಕ್ ತಳ್ಳಿಕೊಂಡು ಬಂದ. ಕಾಮಾಲೆ ಹಿಡಿದು ತಿಂಗಳುಗಟ್ಟಲೆ ಮಲಗಿದ್ದವನು. ಅವನ ಜೊತೆ ಬೈಕೂ ಮಲಗಿತ್ತು. ಬ್ಯಾಟರಿ ಪೂರ್ತಿ ಸತ್ತಿತ್ತು.

ಶಾಕಣ್ಣ ಹೊಸ ಬ್ಯಾಟರಿ ಕೂರಿಸಿದ. ಹಾರನ್ ಕೂಗಿತು, ದೀಪ ಹತ್ತಿತು, ಸೆಲ್ಫ್ ಒತ್ತಿದರೆ ಇಂಜಿನ್ ಗರಗರ ತಿರುಗಿತು. ಸ್ಟಾರ್ಟ್ ಮಾತ್ರ ಆಗಲಿಲ್ಲ. ಟ್ಯಾಂಕಿನ ಪೈಪು ಕಿತ್ತು ನೋಡಿದ. ಪೆಟ್ರೋಲ್ ಧಾರೆಯಾಗಿ ಸುರಿಯಿತು. ಹಾಗಾದರೆ ಕರೆಂಟೇ ಇಲ್ಲ ಅಂದುಕೊಂಡ. ಹೆಬ್ಬೆರಳು ಹಿಡಿದ. ಟೈಲರ್ ಕಿಕ್ ಹೊಡೆದ. ಏನೂ ಆಗಲಿಲ್ಲ.

"ಕಾಯಿಲ್ ಹೋಗಿದೆ."

ಬೇರೆ ಬೈಕಿನ ಕಾಯಿಲ್ ಬಿಚ್ಚಿ ಹಾಕಿದ. ಬೆರಳು ಹಿಡಿದ. ಇಲ್ಲ. ವೈರ್ ಬದಲಿಸಿದ. ಇಲ್ಲ. ಸೀಟಿನ ಕೆಳಗಿನ ಇಗ್ನಿಷನ್ ಡಬ್ಬಿಯನ್ನೇ ಬದಲಿಸಿದ. ಇಲ್ಲ. ಕಿಕ್ ಹೊಡೆದು ಹೊಡೆದು ಟೈಲರ್‌ಗೆ ಏದುಸಿರು ಬಂತು.

"ಮೇಸ್ತ್ರಿ, ನಾನು ನಿನ್ನ ಹಾಗೆ ಹೊಲಿದಿದ್ರೆ ಇಷ್ಟೊತ್ತಿಗೆ ಅಂಗಿಗೆ ಮೂರು ತೋಳು ಬಂದಿರ್ತಿತ್ತು."

"ಬಾಯಿ ಮುಚ್ಕೊಂಡು ಹೊಡಿಯಯ್ಯಾ."

ಹೆಂಡತಿ ಟೀ ತಂದವಳು ಬಾಗಿಲಲ್ಲೇ ನಿಂತಳು. ಗಂಡ ಬೆರಳು ಹಿಡಿದು ಟೈಲರ್‌ನ ಕಾಲನ್ನೇ ನೋಡುತ್ತಿದ್ದ. ಕಿಕ್ ಬಿದ್ದಾಗಲೆಲ್ಲ ವೈರಿನ ತುದಿಯಲ್ಲಿ ಟಿಕ್ ಅಂತ ಸದ್ದಾಗುತ್ತಿತ್ತು. ಸದ್ದಾದಾಗಲೆಲ್ಲ ಅವನ ಹೆಬ್ಬೆರಳು ಹಲ್ಲಿಯ ಬಾಲದ ಹಾಗೆ ಕುಣಿಯುತ್ತಿತ್ತು.

"ರೀ, ಶಾಕ್ ಹೊಡೀತಿದೆಯಲ್ರೀ."

"ಯಾರಿಗೆ?"

"ನಿಮಗೇ. ಬೆರಳು ನೋಡ್ಕೊಳ್ಳಿ."

ಅವನು ನೋಡಿದ. "ಇನ್ನೊಂದ್ಸಲ ಹೊಡಿ," ಅಂದ. ಟಿಕ್. ಬೆರಳು ಕುಣಿಯಿತು. ಅವನ ಮುಖದಲ್ಲಿ ಶಾಕಿನ ಸುಳಿವೇ ಇಲ್ಲ. ಕೈ ಬದಲಿಸಿ ಎಡಗೈ ಊರಿದ. ಟೈಲರ್ ಹೊಡೆದ. "ಅಮ್ಮಾ!" ಅಂತ ಚೀರಿ ಶಾಕಣ್ಣ ಹಿಂದಕ್ಕೆ ಕುಕ್ಕರಿಸಿ ಬಿದ್ದ.

ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಶಾಕಣ್ಣಂಗೇ ಶಾಕು!"

ಗಂಡ ಹೆಂಡತಿ ನಗಲಿಲ್ಲ. ಅವಳು ಟೀ ಲೋಟ ಹೊಸ್ತಿಲ ಮೇಲಿಟ್ಟು ಅವನ ಹತ್ತಿರ ಬಂದಳು.

ಕರೆಂಟು ಮೊದಲಿಂದಲೂ ಇತ್ತು. ಕೆಟ್ಟಿದ್ದು ಕಾರ್ಬೊರೇಟರ್. ನಿಂತ ಪೆಟ್ರೋಲ್ ಒಳಗೇ ಕೊಳೆತು ಅಂಟಾಗಿ, ಇಂಜಿನ್‌ಗೆ ಪೆಟ್ರೋಲ್ ಹಾಯಿಸುವ ಜೆಟ್ಟಿನ ಸೂಜಿಮೊನೆಯಷ್ಟು ತೂತು ಕಟ್ಟಿಕೊಂಡಿತ್ತು. ಅವನು ಅದನ್ನು ಬಿಚ್ಚಿದ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆ ತುಂಡು. ಬೆರಳಿಂದ ಜಾರಿತು. ಎತ್ತಿಕೊಂಡ, ಮತ್ತೆ ಜಾರಿತು. ಹೆಂಡತಿ ಮಾತಾಡದೆ ನೆಲದ ಮೇಲೆ ಕೂತು ಅದನ್ನು ಹಿಡಿದುಕೊಂಡಳು. ಅವನು ಎಡಗೈಯಲ್ಲಿ ತಂತಿಯ ಎಳೆ ಹಾಯಿಸಿ, ಬಾಯಿಂದ ಊದಿ, ಉಗಿದ. ಟ್ಯಾಂಕಿಗೆ ಹೊಸ ಪೆಟ್ರೋಲ್ ಹಾಕಿದ. ಒಂದೇ ಕಿಕ್ಕಿಗೆ ಬೈಕ್ ಎದ್ದಿತು. ಟೈಲರ್ ಹೋದ.

ಹೆಂಡತಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಕತ್ತಿನ ಸ್ಕ್ಯಾನ್ ತೆಗೆದರು. ಬೆನ್ನುಹುರಿಯಲ್ಲಿ ಗಡ್ಡೆ ಇದೆ, ಕೈ ಮರಗಟ್ಟಿರುವುದು ಅದರಿಂದಲೇ ಅಂದರು. ಡಾಕ್ಟರು ತುಂಬ ಹೇಳಿದರು. ಅವನು ಒಂದೇ ಕೇಳಿದ.

"ಬೆರಳು ವಾಪಸ್ ಬರುತ್ತಾ ಸಾರ್?"

"ಮೊದಲು ಜೀವ ಉಳಿಸೋ ಮಾತಾಡೋಣಪ್ಪ."

"ನಾನೂ ಅದನ್ನೇ ಕೇಳ್ತಿರೋದು."

ಕತ್ತಿನ ಆಪರೇಷನ್ ಮಾಡಿದರು. ಪೂರ್ತಿ ತೆಗೆಯಲು ಆಗಲಿಲ್ಲ ಅಂದರು. ಮನೆಗೆ ಬಂದ ಮೇಲೆ ಅವನು ಸ್ಟೂಲಿನ ಮೇಲೆ ಕೂತು ಹೇಳುತ್ತಿದ್ದ, ಹೆಂಡತಿ ಬೈಕ್ ಬಿಚ್ಚುತ್ತಿದ್ದಳು. "ಅಲ್ಲಲ್ಲ, ಅದರ ಪಕ್ಕದ್ದು. ಥೂ, ತಿರುವೋ ದಿಕ್ಕು ಗೊತ್ತಿಲ್ವೇನೇ?" "ಗೊತ್ತಿದ್ರೆ ನಿಮ್ಮನ್ನ ಯಾಕೆ ಕಟ್ಕೊತಿದ್ದೆ?" ಅವನು ನಗುತ್ತಿದ್ದ. ಅವಳು ತಿರುಗಿದಾಗ ಮಾತ್ರ ಮೆಲ್ಲಗೆ ಬಲಗೈ ಹೆಬ್ಬೆರಳನ್ನು ವೈರಿಗೆ ಹಿಡಿದು ನೋಡುತ್ತಿದ್ದ. ಅವಳು ಕಂಡರೂ ಕಾಣದ ಹಾಗೆ ಇರುತ್ತಿದ್ದಳು.

ಒಂದು ದಿನ ವೈರಿಗೆ ಎಡಗೈ ಹಿಡಿದರೂ ಅವನು ಚೀರಲಿಲ್ಲ. "ಬಾಗಿಲು ಹಾಕ್ಬಿಡೇ," ಅಂದ. ಬಂದ ಗಿರಾಕಿಗಳನ್ನು ಅವಳೇ ಬೇರೆ ಕಡೆ ಕಳಿಸಿದಳು. ಆಮೇಲೆ ಕಾಲು ಹೋಯಿತು.

ಕೊನೆಗೆ ಹಾಸಿಗೆಯಲ್ಲಿ ಅವಳು ಅವನ ಕೈ ಹಿಡಿದುಕೊಂಡು ಕೂರುತ್ತಿದ್ದಳು. ಅದೂ ಅವನಿಗೆ ತಿಳಿಯುತ್ತಿರಲಿಲ್ಲ. ಕತ್ತು ತಿರುಗಿಸಿ ನೋಡಲೂ ಆಗುತ್ತಿರಲಿಲ್ಲ.

"ಹಿಡ್ಕೊಂಡಿದೀಯಾ?" ಅಂತ ಕೇಳುತ್ತಿದ್ದ.

"ಹಿಡ್ಕೊಂಡಿದೀನಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದ. ಒಂದು ಮಧ್ಯಾಹ್ನ ಕೇಳಲಿಲ್ಲ. ಅವಳು ಹಿಡಿದುಕೊಂಡೇ ಇದ್ದಳು.