ಬಲಗೈಯ ಗವಸು

ಈಗ ನನಗೆ ಅಪ್ಪನ ಆಗಿನ ವಯಸ್ಸು. ಮುಂಜಾನೆ ಎದ್ದೊಡನೆ ದೇವರಿಗೆ ಕೈ ಮುಗಿಯುವ ಮೊದಲು ಹತ್ತೂ ಬೆರಳು ಮಡಚಿ ಬಿಚ್ಚಿ ನೋಡಿಕೊಳ್ಳುತ್ತೇನೆ. ಮನೆಯವರು ಇದನ್ನು ಯೋಗಾಸನ ಎಂದುಕೊಂಡಿದ್ದಾರೆ. ಇರಲಿ.

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಕುಂದಗೋಳದಲ್ಲಿ ಕೂತು ನಾನು ಉಣ್ಣೆಯ ಕೈಗವಸು ಹೆಣೆಯತೊಡಗಿದೆ. ನಮ್ಮ ಕಡೆ ಚಳಿಗೆ ಕಂಬಳಿ ಹೊದೆಯುತ್ತಾರೆ, ಇಲ್ಲವೇ ಒಲೆಯ ಮುಂದೆ ಕೂರುತ್ತಾರೆ. ಕೈಗೆ ಅಂಗಿ ತೊಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಅಪ್ಪನ ಬೆರಳು ಸೋಲತೊಡಗಿದ್ದವು. ಹಾರ್ಮೋನಿಯಂ ಪೇಟಿ ಕಲಿಸಿಯೇ ಮನೆ ನಡೆಸಿದ ಮನುಷ್ಯ. ಬಲಗೈಯ ಕಿರುಬೆರಳು, ಆಮೇಲೆ ಅದರ ಬಾಜೂದ್ದು, ಪೇಟಿಯ ಮೇಲೆ ಕೂತಲ್ಲೇ ಕೂತುಬಿಡುತ್ತಿದ್ದವು. ಹುಬ್ಬಳ್ಳಿಯ ಡಾಕ್ಟರು ನರದ ಬ್ಯಾನಿ ಎಂದರು, ಗುಳಿಗೆ ಬರೆದರು, ಕೊನೆಗೆ "ಕೈ ಬೆಚ್ಚಗ ಇಟ್ಕೋರಿ" ಎಂದರು. ಬೇರೇನೂ ಉಳಿಯದಾಗ ಡಾಕ್ಟರು ಹಾಗೆನ್ನುತ್ತಾರೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೆಣೆಯುತ್ತಿದ್ದೆ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುವ ಅಕ್ಕೋರು. ಆದರೂ ಐದು ಬೆರಳಿಗೆ ಐದು ಕೊಳವೆ ಹೆಣೆಯುವಷ್ಟು ವಿದ್ಯೆ ಇರಲಿಲ್ಲ. ಹಾಗಾಗಿ ನಾಲ್ಕು ಬೆರಳಿಗೆ ಕೂಡಿ ಒಂದೇ ಕೋಣೆ, ಹೆಬ್ಬೆರಳಿಗೆ ಮಾತ್ರ ಬೇರೆ ಮನೆ.

ನಕ್ಷೆ ಅಪ್ಪನ ರತ್ನಗಂಬಳಿಯದು. ಇರಾಣದ್ದಂತೆ, ಊರಿನ ವಾಡೇದ ಸಿರಿವಂತರೊಬ್ಬರು ಅಪ್ಪನ ಕೈ ಮೆಚ್ಚಿ, ತಮಗೆ ಬೇಡಾದದ್ದನ್ನು ಕೊಟ್ಟಿದ್ದರು. ಅದರ ಮೇಲೆ ಕೂತೇ ಪಾಠ. ಅಂಚು ಸವೆದಿತ್ತು, ನಡುವಿನ ಕೆಂಪು ಮಾತ್ರ ಆರಿರಲಿಲ್ಲ. ಅದರ ಬಳ್ಳಿ, ಮಾವಿನಕಾಯಿಗಳನ್ನು ಚೌಕಳಿ ಹಾಳೆಗೆ ಇಳಿಸಿದೆ, ಒಂದು ಚೌಕಕ್ಕೆ ಒಂದು ಹೆಣಿಗೆಯಂತೆ. ಚೌಕಕ್ಕೆ ಬಿದ್ದದ್ದೇ ತಡ, ಇರಾಣದ ಬಳ್ಳಿ ನಮ್ಮ ಬಾವಿಯ ಮೆಟ್ಟಿಲಾಯಿತು.

"ಮಾವಿನಕಾಯಿ ಅಂದ್ಯಲ್ಲಬೇ? ಬದನೀಕಾಯಿ ಕಂಡಂಗ ಕಾಣ್ತದ," ಎಂದಳು ಅವ್ವ.

"ಇರ್ಲಿ ಬಿಡು, ಎಣ್ಣಿಗಾಯಿ ಮಾಡಿದ್ರಾತು," ಎಂದರು ಅಪ್ಪ.

ಎಡಗೈಯದು ಚೆನ್ನಾಗಿ ಬಂತು. ಬಣ್ಣದ ಹೆಣಿಗೆಯಲ್ಲಿ ಒಂದು ಎಳೆ ಮುಂದೆ ಹೂವಾಗುವಾಗ ಉಳಿದ ಎಳೆಗಳು ಹಿಂದೆ ಸಡಿಲವಾಗಿ ಸಾಗಬೇಕು. ಬಿಗಿ ಹಿಡಿದರೆ ಇಡೀ ಗವಸೇ ಮುದುಡಿಕೊಳ್ಳುತ್ತದೆ. "ದಾರಾ ಜಗ್ಗಬ್ಯಾಡ್ರೇ" ಎಂದು ಶಾಲೆಯಲ್ಲಿ ದಿನಾ ಒದರುತ್ತಿದ್ದವಳು ನಾನೇ. ಬಲಗೈಯದನ್ನು ಹೆಣೆಯುವ ಹೊತ್ತಿಗೆ ಅಪ್ಪನ ಮೂರನೆಯ ಬೆರಳೂ ತಡವರಿಸುತ್ತಿತ್ತು. ಬಾಜೂ ಕೋಣೆಯಿಂದ ಪಾಠ ಕೇಳುತ್ತಿತ್ತು: ಸ್ವರಗಳು ಏರುವುದು, ಒಂದು ತಪ್ಪುವುದು, ಮತ್ತೆ ಮೊದಲಿನಿಂದ. ತಪ್ಪಿದಾಗೊಮ್ಮೆ ನನ್ನ ಕೈ ತಾನಾಗಿ ದಾರ ಜಗ್ಗುತ್ತಿತ್ತು.

ಮುಗಿದ ಮೇಲೆ ಎರಡನ್ನೂ ಬಾಜೂಬಾಜೂ ಇಟ್ಟು ನೋಡಿದೆ. ಒಂದು ಅಪ್ಪನದು, ಇನ್ನೊಂದು ಯಾವುದೋ ಕೂಸಿನದು. ಅಪ್ಪ ತೊಡಲು ನೋಡಿದರು. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು.

"ಎಲ್ಲಾ ಬೆರಳು ಒಂದ ಖೋಲ್ಯಾಗ ಹಾಕಿ ಕೀಲಿ ಜಡದೀಯಲ್ಲ, ಯವ್ವಾ!"

"ಬಿಚ್ಚಿ ಮತ್ತ ಹೆಣೀತೀನ್ರಿ, ಅಪ್ಪಾ."

"ಬ್ಯಾಡ. ಅಗದಿ ಚಂದ ಆಗೇದ. ಒಗದ್ರ ಸಡ್ಲ ಆಗ್ತದ ತಗೋ."

ಒಗೆದೆ. ಒಳಗೆ ಸಣ್ಣ ಚರಿಗೆ ತುರುಕಿ ಒಣಗಿಸಿದೆ. ಚರಿಗೆ ಬೆಚ್ಚಗಾಯಿತೇ ಹೊರತು ಗವಸು ಹಿಗ್ಗಲಿಲ್ಲ. ಆ ಚಳಿಗಾಲವೆಲ್ಲ ಅಪ್ಪ ಎಡಗೈಯದನ್ನೇ ತಿರುಗಿಸಿ ಬಲಗೈಗೆ ತೊಟ್ಟರು; ಬದನೇಕಾಯಿಗಳು ಅಂಗೈಗೆ ಬಂದವು. ನಾನು ಉಣ್ಣೆಗೆ ನುಸಿ ಹತ್ತೀತೆಂದು ಹೆದರಿದೆ, ಬಣ್ಣ ಬಿಟ್ಟೀತೆಂದು ಹೆದರಿದೆ, ಬಂದವರು ನಕ್ಕಾರೆಂದು ಹೆದರಿದೆ. ಹೆದರಲು ನಾನು ಯಾವಾಗಲೂ ಇಂಥ ಸಣ್ಣಪುಟ್ಟದ್ದನ್ನೇ ಆರಿಸಿಕೊಳ್ಳುವವಳು.

ಮುಂದಿನ ಚಳಿಗಾಲಕ್ಕೆ ಪಾಠ ನಿಂತಿತ್ತು. ಪೇಟಿಗೆ ಹಳೆಯ ಸೀರೆ ಹೊದಿಸಿ ಅವ್ವ ಮೂಲೆಗೆ ಸರಿಸಿದ್ದಳು. ಒಂದು ಮುಂಜಾನೆ ಅಪ್ಪ ತಾವಾಗಿಯೇ, "ಆ ಸಣ್ಣದು ತಾ," ಎಂದರು.

ಬಲಗೈಯದನ್ನು ಹುಡುಕಿ ತಂದೆ. ಅವರ ಹೆಬ್ಬೆರಳಿನ ಬುಡದ ಮಾಂಸ ಕರಗಿ ಅಲ್ಲೊಂದು ತಗ್ಗು ಬಿದ್ದಿತ್ತು. ನಾನೇ ತೊಡಿಸಿದೆ. ಗೆಣ್ಣಿನ ಹತ್ತಿರ ತಡೆಯಲಿಲ್ಲ. ಮಣಿಕಟ್ಟಿನವರೆಗೆ ಸರಕ್ಕನೆ ಹೋಯಿತು.

"ನೋಡು, ಸಡ್ಲ ಆತು. ನಾ ಹೇಳಿದ್ದಿಲ್ಲ?" ಎಂದರು ಅಪ್ಪ.

ಅವ್ವ ಒಲೆಯ ಕಡೆ ತಿರುಗಿಕೊಂಡಳು.

"ಹೌದ್ರಿ, ಅಪ್ಪಾ," ಎಂದು ನಾನು ಹೆಬ್ಬೆರಳನ್ನು ಹಿಡಿದು ಅದರ ಮನೆಯೊಳಗೆ ಸೇರಿಸಿದೆ. ತಾನಾಗಿ ಅದು ಹೋಗುತ್ತಿರಲಿಲ್ಲ.